ಮಾವಳ್ಳಿಯ ಫಲಾಹಾರಮಂದಿರ



ಈ ಸಂಜೆ ನಾನು ನಿಮ್ಮೊಡನೆ ಆಡಬೇಕೆಂದಿರುವುದು ಒಂದು ಹೋಟಲಿನ ಮಾತು. ರಾಜ್ಯಾಡಳಿತ, ವ್ಯವಸಾಯ, ಕಾವ್ಯ, ಆರೋಗ್ಯ ಮೊದಲಾದ ಘನವಾದ ವಿಷಯಗಳನ್ನು ಕುರಿತ ಭಾಷಣಗಳ ಸಾಲಿನಲ್ಲಿ ಇಡ್ಲಿ ದೋಸೆಗಳನ್ನು ತಂದು ಕೂರಿಸುವುದು ಉಚಿತವೇ ಎಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತು. ಆದರೆ ಮನುಷ್ಯನು ಕಾವ್ಯವನ್ನು ಓದುವುದಕ್ಕೆ ಮುಂಚೆಯೂ ಉಣ್ಣಬೇಕು, ಓದಿದಮೇಲೂ ಉಣ್ಣಬೇಕು. ಅವನು ಯಾರ ಪಕ್ಕದಲ್ಲಿ ಕುಳಿತು ಉಣ್ಣುತ್ತಾನೆ, ಯಾರು ಬಡಿಸಿದ್ದನ್ನು ನಂಬಿ ಉಣ್ಣುತ್ತಾನೆ ಎಂಬುದರಲ್ಲಿ ಒಂದು ಸಮಾಜದ ಚರಿತ್ರೆಯೇ ಅಡಗಿರುತ್ತದೆ. ಆದ್ದರಿಂದ ಹೋಟಲಿನ ಮಾತನ್ನು ಕೇವಲ ನಾಲಗೆಯ ಮಾತೆಂದು ತಳ್ಳಿಹಾಕಲಾಗದು.

ಈ ಮಾತಿಗೆ ಕಾರಣರಾದವರು ಪರಸ್ಥಳದಿಂದ ಬಂದಿದ್ದ ನನ್ನ ಮಿತ್ರರೊಬ್ಬರು. ಬೆಂಗಳೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಅವರನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿದ್ದೆ. ಬಂಡೆಯನ್ನು ಹತ್ತಿ ಇಳಿದು, ಗಾಜಿನ ಮನೆಯನ್ನು ಸುತ್ತಿ, ಹಸಿವು ಚೆನ್ನಾಗಿ ಕೆರಳಿದಮೇಲೆ, ತೋಟದಿಂದ ಅನತಿದೂರದಲ್ಲಿ ಲಾಲ್‌ಬಾಗ್ ರಸ್ತೆಯ ಮೇಲಿರುವ ಮಾವಳ್ಳಿ ಟಿಫಿನ್ ರೂಮಿಗೆ ಹೋದೆವು. ಎಂ. ಟಿ. ಆರ್. ಎಂಬ ಮೂರಕ್ಷರದಿಂದಲೇ ಅದನ್ನು ಎಲ್ಲರೂ ಬಲ್ಲರು. ಅಲ್ಲಿ ಹೆಸರು ಬರೆಸಿ ಮುಕ್ಕಾಲು ಗಂಟೆಯ ಹೊತ್ತು ಕಾದೆವು. ನನ್ನ ಮಿತ್ರರು ಸಾಧುಗಳೇ. ಆದರೆ ಹಸಿವು ಸಾಧುಗಳನ್ನೂ ತಾರ್ಕಿಕರನ್ನಾಗಿ ಮಾಡುತ್ತದೆ. “ಅಲ್ಲ ಸ್ವಾಮಿ, ನಿಮ್ಮ ಊರಿನಲ್ಲಿ ಇಡ್ಲಿಗೆ ಕ್ಷಾಮ ಬಂದಿದೆಯೆ? ಬರುವ ದಾರಿಯಲ್ಲಿ ನಾಲ್ಕು ಹೋಟಲುಗಳನ್ನು ಕಂಡೆ. ಅಲ್ಲಿ ಕುರ್ಚಿಗಳು ಖಾಲಿ ಇವೆ. ಇಲ್ಲಿ ಜನ ಗೋಡೆಗೆ ಒರಗಿ ನಿಂತಿದ್ದಾರೆ. ಒಂದು ಇಡ್ಲಿಗೂ ಇನ್ನೊಂದು ಇಡ್ಲಿಗೂ ಇಷ್ಟು ಅಂತರವಿರುವುದು ಸಾಧ್ಯವೆ?” ಎಂದು ಕೇಳಿದರು. ಅಷ್ಟರಲ್ಲಿ ನಮ್ಮ ಹೆಸರನ್ನು ಕೂಗಿದರು. ನಾವು ಒಳಕ್ಕೆ ಹೋದೆವು. ಪ್ರಶ್ನೆ ಹೊರಗೇ ಉಳಿಯಿತು. ಅದಕ್ಕೆ ಉತ್ತರವನ್ನು ಈಗ ಸಾವಕಾಶವಾಗಿ ಹೇಳಲು ಪ್ರಯತ್ನಿಸುತ್ತೇನೆ.

ಯಾವ ಜನಾಂಗವೇ ಆಗಲಿ, ಮನೆ ಕಚೇರಿಗಳೆರಡರಿಂದಲೂ ತುಸು ಹೊತ್ತು ಬಿಡುಗಡೆ ಪಡೆದು ಕುಳಿತುಕೊಳ್ಳುವುದಕ್ಕೆ ಒಂದು ತಾಣವನ್ನು ಕಲ್ಪಿಸಿಕೊಂಡಿರುತ್ತದೆ. ಇಂಗ್ಲೆಂಡಿನಲ್ಲಿ ಅದು ಬೀದಿಯ ಮೂಲೆಯ ಪಾನಗೃಹ. ಅಲ್ಲಿಯ ಜನರು ತಮ್ಮ ಬೀದಿಯ ಪಾನಗೃಹವನ್ನು ಹೊಗಳಲು ತೊಡಗಿದರೆಂದರೆ ಪಾನೀಯಕ್ಕಿಂತ ಹೆಚ್ಚಾಗಿ ಅಲ್ಲಿಯ ಬೆಂಕಿಗೂಡನ್ನು, ಅಲ್ಲಿ ಬೇಯುವ ಮಾಂಸದ ಕಡುಬನ್ನು, ದಿನವೂ ಅದೇ ಪೀಠದಲ್ಲಿ ಕಾಣಸಿಗುವ ಅದೇ ಮುಖಗಳನ್ನು ಹೊಗಳುವುದುಂಟು. ನಮ್ಮ ಪಟ್ಟಣಗಳಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ನಿರ್ವಹಿಸಿದ್ದು ಕಾಫಿಯ ಹೋಟಲು. ಪಾನೀಯ ಬೇರೆಯಾದರೂ ಪ್ರಯೋಜನ ಒಂದೇ.

ಆದರೆ ಹೋಟಲೆಂಬುದು ನಮ್ಮಲ್ಲಿ ಸುಲಭವಾಗಿ ಬೇರೂರಿದ ಸಸಿಯಲ್ಲ. ಅನ್ನದಾನವನ್ನು ಎಷ್ಟು ದೊಡ್ಡದೆಂದು ಎಣಿಸಿದರೋ ಅನ್ನವಿಕ್ರಯವನ್ನು ಅಷ್ಟೇ ಕೀಳೆಂದು ನಮ್ಮ ಹಿರಿಯರು ಎಣಿಸುತ್ತಿದ್ದರು. ದಾರಿಹೋಕನಿಗೆ ಛತ್ರವಿತ್ತು, ಅರವಟ್ಟಿಗೆಯಿತ್ತು, ದೇವಸ್ಥಾನದ ಪ್ರಸಾದವಿತ್ತು. ಓದುವ ಬಡಹುಡುಗನಿಗೆ ವಾರಾನ್ನವಿತ್ತು. ಮಿಕ್ಕವರಿಗೆ ನೆಂಟರ ಮನೆಯಿತ್ತು. ಕಾಸು ಕೊಟ್ಟು ಉಣ್ಣುವುದು ದಿಕ್ಕಿಲ್ಲದವನ ಲಕ್ಷಣವೆಂದು ಜನ ತಿಳಿದಿದ್ದರು. ಹೋಟಲಿಗೆ ಹೋದವನು ಹಿಂದಿರುಗುವಾಗ ತುಟಿಯನ್ನು ಚೆನ್ನಾಗಿ ಒರಸಿಕೊಂಡು ಮನೆಯನ್ನು ಹೊಗುತ್ತಿದ್ದ ಕಾಲವೊಂದಿತ್ತು. ಕಾಫಿಯ ಗತಿಯೂ ಹಾಗೆಯೇ. ಇಂದು ಯಾವ ಮನೆಯ ಮರ್ಯಾದೆಗೆ ಅದು ಗುರುತಾಗಿದೆಯೋ ಅದೇ ಮನೆಯ ಹಿರಿಯರು ಒಂದು ತಲೆಮಾರಿನ ಹಿಂದೆ ಅದನ್ನು ದುರಭ್ಯಾಸಗಳ ಪಟ್ಟಿಯಲ್ಲಿ ಸೇರಿಸಿದ್ದರು.

ಕಾಲ ಬದಲಾಯಿತು. ರೈಲು ಬಂತು, ಕಚೇರಿಗಳು ಬೆಳೆದವು, ಕಾಲೇಜುಗಳೂ ಗಿರಣಿಗಳೂ ಹುಟ್ಟಿದವು. ಹಳ್ಳಿಯನ್ನು ಬಿಟ್ಟು ಬಂದವರಿಗೆಲ್ಲ ವಾರಾನ್ನ ಕೊಡುವಷ್ಟು ಮನೆಗಳು ಯಾವ ಊರಿನಲ್ಲಿಯೂ ಇರಲಿಲ್ಲ. ಅದೇ ಸಮಯದಲ್ಲಿ ಘಟ್ಟದ ಕೆಳಗಿನಿಂದ, ಉಡುಪಿ ಕೋಟ ಕುಂದಾಪುರಗಳ ಕಡೆಯಿಂದ, ಅಡುಗೆಯನ್ನು ಕುಲವಿದ್ಯೆಯಂತೆ ಕಲಿತಿದ್ದವರು ಕೆಲಸವನ್ನು ಅರಸಿಕೊಂಡು ಮೇಲಕ್ಕೆ ಬಂದರು. ದೇವಸ್ಥಾನಗಳ ಪಾಕಶಾಲೆಗಳಲ್ಲಿ ನೂರಾರು ಮಂದಿಗೆ ಒಂದೇ ಹದದಲ್ಲಿ ಅಡುಗೆಮಾಡಿ ಬಡಿಸುವ ಪದ್ಧತಿ ಅವರ ಸೀಮೆಯಲ್ಲಿ ಹಿಂದಿನಿಂದಲೂ ನಡೆದುಬಂದಿತ್ತು. ಹೀಗೆ ಕೋಟದ ಬಳಿಯ ಪಾರಂಪಳ್ಳಿಯಿಂದ ಬಂದವರು ಪರಮೇಶ್ವರ ಮಯ್ಯ ಮತ್ತು ಅವರ ಸಹೋದರರು. ಬೆಂಗಳೂರಿನಲ್ಲಿ ಮೊದಲು ಅಡುಗೆಯವರಾಗಿ ದುಡಿದು, ೧೯೨೪ರಲ್ಲಿ ಲಾಲ್‌ಬಾಗಿನ ಸಮೀಪದಲ್ಲಿ ಒಂದು ಸಣ್ಣ ಹೋಟಲನ್ನು ತೆರೆದರು. ಇಡ್ಲಿ, ಕಾಫಿ, ಇವೇ ಮೊದಲ ಸರಕು. ಅದಕ್ಕೆ ಇಟ್ಟ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್.

ಈ ಹೆಸರಿನ ಮುಂದೆ ನಾವು ಸ್ವಲ್ಪ ನಿಲ್ಲಬೇಕು. ಅಂಥ ಹೆಸರು ಈ ಒಂದು ಮನೆಯ ವಿಶೇಷವಲ್ಲ. ಆ ಕಾಲದಲ್ಲಿ ದಕ್ಷಿಣದ ಊರೂರುಗಳಲ್ಲಿ ಅಂಥ ಹಲಗೆಗಳು ತೂಗುತ್ತಿದ್ದವು. ಹೊರಗಿನ ಊಟವೆಂದರೆ ಹೆದರುತ್ತಿದ್ದ ಗಿರಾಕಿಗೆ ಅದು ಒಂದು ಆಶ್ವಾಸನೆ. ಅಡುಗೆಮಾಡುವ ಕೈ ಯಾವುದು, ಪಾತ್ರೆಯನ್ನು ಮುಟ್ಟಿದವರು ಯಾರು ಎಂಬ ಶಂಕೆಗೆ ಹಲಗೆಯೇ ಉತ್ತರ ಹೇಳುತ್ತಿತ್ತು. ಮಡಿ ಎಂಬ ಮಾತಿನಲ್ಲಿ ಶುಚಿತ್ವವೂ ಜಾತಿಯೂ ಒಂದಕ್ಕೊಂದು ಹೆಣೆದುಕೊಂಡಿದ್ದ ಕಾಲ ಅದು. ಆದರೆ ಒಬ್ಬನಿಗೆ ಅಭಯಹಸ್ತದಂತೆ ತೋರುವ ಹಲಗೆ ಇನ್ನೊಬ್ಬನಿಗೆ ಅಡ್ಡಗಟ್ಟಿದ ತೋಳಿನಂತೆ ತೋರುತ್ತದೆ. ನಾಡಿನ ಎಷ್ಟೋ ಹೋಟಲುಗಳಲ್ಲಿ ಬ್ರಾಹ್ಮಣರಿಗೆ ಒಳಗಿನ ಅಂಕಣ, ಇತರರಿಗೆ ಹೊರಗಿನ ಅಂಕಣ ಎಂಬ ಏರ್ಪಾಡಿತ್ತು. ಅಸ್ಪೃಶ್ಯರೆನಿಸಿಕೊಂಡವರಿಗೆ ಎಷ್ಟೋ ಕಡೆ ಬಾಗಿಲೇ ಇರಲಿಲ್ಲ. ಹಳೆಯ ಹೋಟಲುಗಳ ಸೊಗಸನ್ನು ಹೊಗಳುವವರು ಇದನ್ನು ಮರೆಯಬಾರದು. ಒಳಗಿನ ಒಗ್ಗರಣೆಯ ಪರಿಮಳ ಬೀದಿಯವರೆಗೂ ಬರುತ್ತಿತ್ತು. ಬೀದಿಯಲ್ಲಿದ್ದವರೆಲ್ಲರೂ ಒಳಕ್ಕೆ ಬರುವಂತಿರಲಿಲ್ಲ.

ಈ ಅಡ್ಡಿ ಕಾನೂನಿನ ಮಟ್ಟಿಗೆ ಮುರಿದುಬಿದ್ದದ್ದು ೧೯೫೦ರ ಜನವರಿ ೨೬ರಂದು. ಅಂದು ಜಾರಿಗೆ ಬಂದ ಭಾರತ ಸಂವಿಧಾನದ ೧೫ನೆಯ ಅನುಚ್ಛೇದವನ್ನು ಓದಿದರೆ, ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟಲು ಇವುಗಳ ಪ್ರವೇಶಕ್ಕೆ ಧರ್ಮ, ಜಾತಿ, ಲಿಂಗ, ಜನ್ಮಸ್ಥಳ ಮೊದಲಾದ ಕಾರಣಗಳಿಂದ ಯಾವ ಪ್ರಜೆಗೂ ಅಡ್ಡಿಮಾಡಕೂಡದೆಂಬುದು ಅಲ್ಲಿ ಸ್ಪಷ್ಟವಾಗಿ ನಮೂದಾಗಿದೆ. ಒಂದು ದೊಡ್ಡ ರಾಷ್ಟ್ರದ ಮೂಲಶಾಸನದಲ್ಲಿ ಹೋಟಲಿನ ಬಾಗಿಲನ್ನು ಹೆಸರಿಸಬೇಕಾಯಿತು ಎಂಬುದನ್ನು ಯೋಚಿಸಿ ನೋಡಿ. ಆ ಬಾಗಿಲಿನಲ್ಲಿ ಎಷ್ಟು ಮಂದಿಯ ಮಾನ ಸಿಕ್ಕಿಹಾಕಿಕೊಂಡಿದ್ದಿರಬೇಕು!

ಇನ್ನು ಈ ಮನೆಯ ತಿಂಡಿಯ ಮಾತಿಗೆ ಬರೋಣ. ಇಲ್ಲಿಯ ರವೆಯ ಇಡ್ಲಿ ಇಂದು ನಾಡಿಗೆಲ್ಲ ಪರಿಚಿತವಾಗಿದೆ. ಅದು ಹುಟ್ಟಿದ್ದು ಯುದ್ಧದ ಕಾಲದಲ್ಲಿ. ೧೯೪೨ರಲ್ಲಿ ಬರ್ಮಾದೇಶ ಜಪಾನೀಯರ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಗೆ ಎಲ್ಲೆಲ್ಲಿಯೂ ಅಭಾವ ಉಂಟಾಯಿತು. ಅಕ್ಕಿಯಿಲ್ಲದೆ ಇಡ್ಲಿಯೆಲ್ಲಿಯದು? ಆಗ ಈ ಮನೆಯವರು ಗೋಧಿಯ ರವೆಯನ್ನು ಕೈಗೆತ್ತಿಕೊಂಡರು. ಅಕ್ಕಿ ಉದ್ದುಗಳ ಹಿಟ್ಟನ್ನು ರುಬ್ಬಿ ರಾತ್ರಿಯೆಲ್ಲ ಹುದುಗಲು ಬಿಡಬೇಕು. ರವೆಗೆ ಆ ಕಾಯುವಿಕೆ ಬೇಡ. ರವೆಯನ್ನು ತುಪ್ಪದಲ್ಲಿ ಹುರಿದು, ಸಾಸುವೆ ಗೋಡಂಬಿಗಳ ಒಗ್ಗರಣೆ ಕೊಟ್ಟು, ಮೊಸರಿನಲ್ಲಿ ಕಲಸಿ, ಚಿಟಿಕೆ ಸೋಡ ಸೇರಿಸಿ ಹಬೆಯಲ್ಲಿ ಬೇಯಿಸಿದರೆ ಆಯಿತು. ಹುದುಗಿನ ಕೆಲಸವನ್ನು ಮೊಸರಿನ ಹುಳಿಯೂ ಸೋಡವೂ ಕೂಡಿ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತವೆ. ಅಭಾವಕ್ಕೆ ಹುಡುಕಿದ ಉಪಾಯ ಅಭಾವ ತೀರಿದಮೇಲೂ ಉಳಿದುಬಂದಿತು. ಯುದ್ಧದ ನೆನಪನ್ನು ಬೇರೆ ದೇಶಗಳು ಕಲ್ಲಿನ ಕಂಬಗಳಲ್ಲಿ ಕಾಪಾಡಿಕೊಂಡಿವೆ. ನಾವು ಒಂದು ಇಡ್ಲಿಯಲ್ಲಿ ಕಾಪಾಡಿಕೊಂಡಿದ್ದೇವೆ. ಅದನ್ನು ತಿನ್ನುವವರಿಗೆ ಆ ನೆನಪೇ ಇಲ್ಲವೆಂಬುದು ಬೇರೆಯ ಮಾತು.

ಯುದ್ಧ ಮುಗಿದ ಕೆಲವು ವರ್ಷಗಳಮೇಲೆ, ೧೯೫೧ರಲ್ಲಿ, ಸಹೋದರರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯನವರು ಯೂರೋಪಿಗೆ ಹೋಗಿ ಅಲ್ಲಿಯ ಭೋಜನಗೃಹಗಳನ್ನು ನೋಡಿಬಂದರು. ಹೋಟಲಿನವರೊಬ್ಬರು ಕಲಿಯುವುದಕ್ಕಾಗಿ ಸಮುದ್ರವನ್ನು ದಾಟುವುದು ಆಗಿನ ಕಾಲಕ್ಕೆ ಸಾಮಾನ್ಯವಾದ ಸಂಗತಿಯಲ್ಲ. ಅಲ್ಲಿಯ ತಿನಿಸುಗಳಿಗಿಂತ ಅವರ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಅಲ್ಲಿಯ ಶುಚಿತ್ವದ ಕ್ರಮ. ಹಿಂದಿರುಗಿ ಬಂದು ತಟ್ಟೆ ಲೋಟ ಚಮಚಗಳನ್ನು ಬಿಸಿಹಬೆಯಿಂದ ಶುದ್ಧಿಮಾಡುವ ಪದ್ಧತಿಯನ್ನು ಇಲ್ಲಿ ತಂದರು. ಗಿರಾಕಿಗಳು ಅಡುಗೆಮನೆಯನ್ನು ತಾವೇ ಕಣ್ಣಾರೆ ನೋಡಬಹುದೆಂಬುದು ಈ ಮನೆಯ ಸಂಪ್ರದಾಯವಾಯಿತು.

ಇದು ಅಡುಗೆಯ ಚಿಕ್ಕ ಸುಧಾರಣೆಯಂತೆ ತೋರಿದರೂ ಅರ್ಥ ದೊಡ್ಡದು. ಅದುವರೆಗೆ ಶುಚಿತ್ವಕ್ಕೆ ಸಾಕ್ಷಿಯಾಗಿದ್ದುದು ಅಡುಗೆಯವನ ಹುಟ್ಟು. ಇನ್ನುಮುಂದೆ ಸಾಕ್ಷಿಯಾದುದು ಕುದಿಯುವ ನೀರು. ಹುಟ್ಟನ್ನು ನಂಬಬೇಕೇ ಹೊರತು ಪರೀಕ್ಷಿಸಲಾಗದು. ತೊಳೆದ ಲೋಟವನ್ನಾದರೋ ಯಾರು ಬೇಕಾದರೂ ಎತ್ತಿ ಬೆಳಕಿಗೆ ಹಿಡಿದು ನೋಡಬಹುದು. ಮಡಿಯೊಳಗಿನ ಶುಚಿಯನ್ನು ಉಳಿಸಿಕೊಂಡು ಜಾತಿಯನ್ನು ಸೋಸಿ ತೆಗೆಯುವುದಕ್ಕೆ ಇಂಥದೊಂದು ದಾರಿ ಬೇಕಾಗಿತ್ತು.

೧೯೬೦ರಲ್ಲಿ ಹೋಟಲು ಈಗಿರುವ ಕಟ್ಟಡಕ್ಕೆ ಬಂತು. ಹಳೆಯ ಹೆಸರು ಹೋಗಿ ಹೊಸ ಹೆಸರು ಬಂತು: ಮಾವಳ್ಳಿ ಟಿಫಿನ್ ರೂಮ್. ಮಾವಳ್ಳಿ ಎಂಬುದು ಆ ಮೊಹಲ್ಲದ ಹೆಸರು. ದೇವರ ಹೆಸರಲ್ಲ, ವಂಶದ ಹೆಸರಲ್ಲ, ಜಾತಿಯ ಹೆಸರಲ್ಲ. ಅಕ್ಕಪಕ್ಕದ ಬೀದಿಗಳಲ್ಲಿ ವಾಸಮಾಡುವ ಎಲ್ಲರಿಗೂ ಸಮಾನವಾಗಿ ಸೇರಿದ ಒಂದು ಹೆಸರು. ಆ ಬದಲಾವಣೆಯನ್ನು ಮಾಡಿದವರ ಮನಸ್ಸಿನಲ್ಲಿ ಏನೇನಿತ್ತೋ ನಾನು ಹೇಳಲಾರೆ. ವ್ಯಾಪಾರದ ವಿವೇಕವೂ ಇದ್ದಿರಬಹುದು, ಕಾಲದ ಒತ್ತಾಯವೂ ಇದ್ದಿರಬಹುದು. ಆದರೆ ಹಲಗೆಯನ್ನು ಬೀದಿಯಲ್ಲಿ ನಿಂತು ಓದುವವನಿಗೆ ಅದರ ತಾತ್ಪರ್ಯ ಒಂದೇ: ಈ ಮನೆ ಈ ಮೊಹಲ್ಲದ್ದು, ಇಲ್ಲಿಗೆ ನೀನು ಬರಬಹುದು. ಒಂದು ಹೋಟಲು ನೆರೆಹೊರೆಯ ಹೋಟಲಾಗುವುದು ಅದು ನೆರೆಯಲ್ಲಿರುವುದರಿಂದ ಮಾತ್ರವೇ ಅಲ್ಲ. ನೆರೆಯವರೆಲ್ಲರನ್ನೂ ನೆರೆಯವರೆಂದು ಒಪ್ಪಿಕೊಂಡ ದಿನ ಅದು ನಿಜವಾಗಿ ಹಾಗಾಗುತ್ತದೆ.

ಈಗ ನನ್ನ ಮಿತ್ರರ ಮುಕ್ಕಾಲು ಗಂಟೆಯ ಮಾತಿಗೆ ಬರುತ್ತೇನೆ. ಆ ಕಾಯುವ ಸ್ಥಳವನ್ನು ನೀವು ನೋಡಿರಬಹುದು. ಲಾಲ್‌ಬಾಗಿನಲ್ಲಿ ವಾಯುಸೇವನೆ ಮಾಡಿ ಬಂದ ವೃದ್ಧರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಅಂದಿನ ಪತ್ರಿಕೆಯನ್ನು ಎರಡನೆಯ ಸಲ ಓದುತ್ತಿರುವವರು, ಪರವೂರಿನ ಯಾತ್ರಿಕರು, ಕಾಲೇಜಿನ ಹುಡುಗರು, ಎಲ್ಲರೂ ಅಲ್ಲಿ ಒಂದೇ ವರ್ಗದವರು. ಹೆಸರು ಕೂಗುವುದನ್ನು ಕಾಯುವವರ ವರ್ಗ. ಹೊರಗೆ ನಿಲ್ಲಿಸಿ ಬಂದ ವಾಹನದ ಬೆಲೆ ಎಷ್ಟೇ ಆದರೂ ಪಟ್ಟಿಯಲ್ಲಿ ಹೆಸರು ಒಂದು ಸಾಲು ಮೇಲೇರುವುದಿಲ್ಲ. ಕರೆ ಬಂದಾಗ ಎಲ್ಲಿ ಸ್ಥಳವಿದೆಯೋ ಅಲ್ಲಿ ಕುಳಿತುಕೊಳ್ಳಬೇಕು. ಮೇಜಿನ ಆಚೆಯ ಪಕ್ಕದಲ್ಲಿ ಅಪರಿಚಿತರಿರಬಹುದು. ಅಂದು ನಮ್ಮ ಎದುರಿಗೆ ಕುಳಿತಿದ್ದವರು ಒಬ್ಬ ವೃದ್ಧರು ಮತ್ತು ಅವರ ಮೊಮ್ಮಗಳು. ನನ್ನ ಮಿತ್ರರು ತುಪ್ಪದ ಬಟ್ಟಲನ್ನು ಏನು ಮಾಡಬೇಕೆಂದು ತಿಳಿಯದೆ ನೋಡುತ್ತಿದ್ದಾಗ ಆ ಹುಡುಗಿ, “ಇಡ್ಲಿಯ ಮೇಲೆ ಸುರಿದುಕೊಳ್ಳಿ, ಪೂರ್ತಿ ಸುರಿಯಿರಿ,” ಎಂದು ಉಪದೇಶ ಮಾಡಿದಳು. ಅಜ್ಜ ನಕ್ಕರು, ನಾವೂ ನಕ್ಕೆವು. ಆ ಮೇಲೆ ಆ ಮೇಜಿನಲ್ಲಿ ಅಪರಿಚಿತರು ಯಾರೂ ಇರಲಿಲ್ಲ. ಸಹಪಂಕ್ತಿಭೋಜನವೆಂದು ಸುಧಾರಕರು ಸಭೆ ಕೂಡಿಸಿ ಮಾಡಿಸಬೇಕಾಗಿದ್ದ ಕಾರ್ಯ ಇಲ್ಲಿ ಸ್ಥಳದ ಅಭಾವದಿಂದಲೇ ದಿನವೂ ನಡೆದುಹೋಗುತ್ತಿದೆ. ಪಕ್ಕದವರ ಜಾತಿಯನ್ನು ಕೇಳುವುದಕ್ಕೆ ಅಲ್ಲಿ ಯಾರಿಗೂ ಪುರಸೊತ್ತಿಲ್ಲ, ದೋಸೆ ಆರಿಹೋಗುತ್ತದೆ.

ದೋಸೆಯ ಮಾತನ್ನು ಎತ್ತಿದ್ದರಿಂದ ಹೇಳುತ್ತೇನೆ: ಇಲ್ಲಿಯ ಮಸಾಲೆದೋಸೆ ಹೊರಮೈಯಲ್ಲಿ ಕಂದುಕೆಂಪಾಗಿ, ಗರಿಗರಿಯಾಗಿ, ಒಳಗೆ ಮೆತ್ತಗೆ ಇರುತ್ತದೆ. ಜೊತೆಗೆ ಹಸುರು ಚಟ್ನಿ, ಒಂದು ಪುಟ್ಟ ಬಟ್ಟಲಿನಲ್ಲಿ ತುಪ್ಪ. ಮಧ್ಯಾಹ್ನದ ಊಟಕ್ಕೆ ಕುಳಿತವರಿಗೆ ಬಿಸಿಬೇಳೆಭಾತು, ಸಾರನ್ನ, ಕೊನೆಗೆ ಮೊಸರನ್ನ. ಕಾಫಿ ಬೆಳ್ಳಿಯ ಲೋಟದಲ್ಲಿ ಬರುವುದೂ ಇಲ್ಲಿಯ ಹೆಸರಾದ ವಾಡಿಕೆಗಳಲ್ಲೊಂದು. ಇವುಗಳಲ್ಲಿ ಯಾವುದೂ ಅಪೂರ್ವವಾದ ಭಕ್ಷ್ಯವಲ್ಲ. ಮನೆಯಲ್ಲಿ ನಾವು ದಿನವೂ ತಿನ್ನುವ ಪದಾರ್ಥಗಳೇ. ಆದರೆ ತಂದೆ ತಿಂದ ದೋಸೆಯನ್ನೇ ಮಗ ತಿನ್ನುತ್ತಿದ್ದಾನೆಂಬ ಭರವಸೆ ಇಲ್ಲಿದೆ. ಹಳೆಯ ಹೋಟಲಿನ ಆಕರ್ಷಣೆಯ ಬಹುಭಾಗ ಇದೇ.

ಒಂದೇ ರುಚಿಯನ್ನು ಉಳಿಸಿಕೊಳ್ಳುವುದೆಂದರೆ ನಿನ್ನೆ ಮಾಡಿದ್ದನ್ನೇ ಇಂದೂ ಮಾಡುವುದೆಂದು ನಾವು ತಿಳಿದಿರುತ್ತೇವೆ. ಹಿಟ್ಟನ್ನು ಒಮ್ಮೆಯಾದರೂ ಕಲಸಿದವರಿಗೆ ಗೊತ್ತು, ಅದು ಹಾಗಲ್ಲವೆಂದು. ಬೇಸಗೆಯಲ್ಲಿ ಹಿಟ್ಟು ಬೇಗ ಹುಳಿಯಾಗುತ್ತದೆ. ಮಾಗಿಯ ಚಳಿಯಲ್ಲಿ ಬೆಳಗಾದರೂ ಉಬ್ಬುವುದಿಲ್ಲ. ಹೊಸ ಅಕ್ಕಿ ನೀರನ್ನು ಕಡಮೆ ಕುಡಿಯುತ್ತದೆ, ಹಳೆಯ ಅಕ್ಕಿ ಹೆಚ್ಚು ಕುಡಿಯುತ್ತದೆ. ಹಸುವಿನ ಮೇವು ಬದಲಾದರೆ ಹಾಲು ಬದಲಾಗುತ್ತದೆ. ಹಾಲು ಬದಲಾದರೆ ಕಾಫಿ ಬದಲಾಗುತ್ತದೆ. ಆದ್ದರಿಂದ ತಟ್ಟೆಯಲ್ಲಿ ದಿನವೂ ಒಂದೇ ದೋಸೆ ಕಾಣಬೇಕಾದರೆ ಅಡುಗೆಮನೆಯಲ್ಲಿ ದಿನವೂ ಏನಾದರೊಂದು ಬದಲಾಗುತ್ತಿರಬೇಕು. ಯಾರೋ ಒಬ್ಬರು ನಸುಕಿನಲ್ಲಿ ಎದ್ದು ಹಿಟ್ಟಿನೊಳಗೆ ಬೆರಳಿಟ್ಟು ನೋಡಿ, ಇಂದು ಇಷ್ಟು ನೀರು, ಇಂದು ಇಷ್ಟು ಉಪ್ಪು ಎಂದು ನಿರ್ಣಯಿಸಬೇಕು. ಗಿರಾಕಿಗೆ ಅದರ ಸುಳಿವೂ ಸಿಕ್ಕುವುದಿಲ್ಲ. ಸಿಕ್ಕದಿರುವುದೇ ಆ ಕೈಯ ಹೆಚ್ಚುಗಾರಿಕೆ.

ಆ ಕೈಗಳು ಯಾರವು? ನಮ್ಮ ಹಳೆಯ ಹೋಟಲುಗಳಲ್ಲಿ ತಿಂಡಿ ತಂದುಕೊಡುವ ಹುಡುಗನನ್ನು ಮಾಣಿ ಎಂದು ಕರೆಯುತ್ತಿದ್ದರು. ಕರಾವಳಿಯ ಮನೆಗಳಲ್ಲಿ ಅದು ಹುಡುಗನನ್ನು ಮುದ್ದಿನಿಂದ ಕರೆಯುವ ಮಾತು. ಪಟ್ಟಣದ ಹೋಟಲಿನಲ್ಲಿ ಅದು ಆಜ್ಞೆಯ ಮಾತಾಯಿತು. ತಾಯಿಯನ್ನು ಬಿಟ್ಟು ಘಟ್ಟ ಹತ್ತಿ ಬಂದ ಎಷ್ಟೋ ಮಾಣಿಗಳು ಹಗಲೆಲ್ಲ ಲೋಟ ತೊಳೆದು, ರಾತ್ರಿ ಹಿಟ್ಟಿನ ಚೀಲಗಳ ಪಕ್ಕದಲ್ಲಿ ಮಲಗಿ, ಕೆಲವರು ರಾತ್ರಿಶಾಲೆಗಳಲ್ಲಿ ಓದಿ, ಮುಂದೆ ತಾವೇ ಹೋಟಲುಗಳ ಯಜಮಾನರಾದದ್ದುಂಟು; ಆಗದೆ ಅಲ್ಲಿಯೇ ಮುದುಕರಾದದ್ದೂ ಉಂಟು. ಇಂದು ಬೆಂಗಳೂರಿನ ಅಡುಗೆಮನೆಗಳಲ್ಲಿ ಒಡಿಶಾ, ಬಿಹಾರ, ಅಸ್ಸಾಂ ಮೊದಲಾದ ದೂರದ ಸೀಮೆಗಳಿಂದ ಬಂದವರು ದೋಸೆ ಹೊಯ್ಯುತ್ತಿದ್ದಾರೆ. ನಮ್ಮ ಊರಿನ ರುಚಿಯನ್ನು ಕಾಪಾಡುತ್ತಿರುವ ಕೈಗಳಲ್ಲಿ ಹಲವು ನಮ್ಮ ಭಾಷೆಯನ್ನು ಇನ್ನೂ ಕಲಿಯುತ್ತಿರುವವರವು. ಹಿಂದೆ ಕೋಟ ಕುಂದಾಪುರಗಳ ಹುಡುಗರೂ ಈ ಊರಿಗೆ ಹೊಸಬರೇ ಆಗಿದ್ದರೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಭರವಸೆಯೆಂದೆನಷ್ಟೆ. ಅದು ಪರೀಕ್ಷೆಗೆ ಒಳಗಾದ ಒಂದು ಪ್ರಸಂಗವನ್ನು ಹೇಳಬೇಕು. ೧೯೭೫ರಲ್ಲಿ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಆ ದಿನಗಳಲ್ಲಿ ಹೋಟಲುಗಳ ತಿಂಡಿಗೆ ಸರ್ಕಾರದವರು ಬೆಲೆಯನ್ನು ಗೊತ್ತುಮಾಡಿದರು. ಬಡವರಿಗೆ ಅಗ್ಗವಾಗಿ ಆಹಾರ ದೊರೆಯಬೇಕೆಂಬ ಉದ್ದೇಶವನ್ನು ಯಾರೂ ತಪ್ಪೆನ್ನಲಾರರು. ಆದರೆ ಆ ಬೆಲೆಗೆ ಅದೇ ತುಪ್ಪ, ಅದೇ ಕಾಫಿಬೀಜ ಗಿಟ್ಟುವಂತಿರಲಿಲ್ಲ. ಹೋಟಲಿನವನ ಮುಂದೆ ಇಂಥ ಸಮಯದಲ್ಲಿ ಒಂದು ಸುಲಭವಾದ ದಾರಿ ಯಾವಾಗಲೂ ತೆರೆದಿರುತ್ತದೆ: ತುಪ್ಪಕ್ಕೆ ಬೇರೇನನ್ನೋ ಬೆರಸುವುದು, ಹಾಲಿಗೆ ನೀರನ್ನು ಕೂಡಿಸುವುದು, ಇಡ್ಲಿಯನ್ನು ಕಾಣದಷ್ಟು ಚಿಕ್ಕದಾಗಿಸುವುದು. ಎಂ. ಟಿ. ಆರ್.ನವರು ಹಾಗೆ ಮಾಡದೆ, ಮೊದಲಿನ ಹದದಲ್ಲಿಯೇ ತಿಂಡಿಯನ್ನು ಕೊಡುತ್ತ, ದಿನದಿನವೂ ತಮಗಾದ ನಷ್ಟವನ್ನು ಹೊರಗಿನ ಹಲಗೆಯ ಮೇಲೆ ಬರೆದು ಎಲ್ಲರಿಗೂ ಕಾಣುವಂತೆ ಇಟ್ಟರು. ಕೊನೆಗೆ ಸಾಗದೆ ಹೋಟಲನ್ನೇ ಮುಚ್ಚಿದರು. ಕೆಲಸಗಾರರನ್ನು ಬೀದಿಪಾಲು ಮಾಡಬಾರದೆಂದು ಸಾರಿನಪುಡಿ, ರವೆಯ ಇಡ್ಲಿಯ ಹಿಟ್ಟು ಮೊದಲಾದ ಸಿದ್ಧಪದಾರ್ಥಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಹೋಟಲು ಮತ್ತೆ ತೆರೆಯಿತು; ಪುಡಿಯ ವ್ಯಾಪಾರವೂ ಜೊತೆಗೆ ಬೆಳೆಯಿತು.

ಮೊದಲ ಹಲಗೆ ಜಾತಿಯನ್ನು ಹೇಳಿ ನಂಬಿಕೆಯನ್ನು ಬೇಡಿತ್ತು. ಈ ಹಲಗೆ ಲೆಕ್ಕವನ್ನು ತೋರಿಸಿ ನಂಬಿಕೆಯನ್ನು ಗಳಿಸಿತು. ಐವತ್ತು ವರ್ಷಗಳ ಅಂತರದಲ್ಲಿ ತೂಗಿದ ಈ ಎರಡು ಹಲಗೆಗಳ ನಡುವೆ ನಮ್ಮ ಪಟ್ಟಣಜೀವನದ ಒಂದು ದೀರ್ಘವಾದ ಪ್ರಯಾಣವಿದೆ. ಅನ್ನವನ್ನು ಮಾರುವುದು ಕೀಳೆಂದು ಹಿರಿಯರು ಹೇಳುತ್ತಿದ್ದರೆಂದೆ. ಅವರ ಭಯದಲ್ಲಿ ಅರ್ಥವಿಲ್ಲದಿರಲಿಲ್ಲ. ಹಸಿದವನು ಪರೀಕ್ಷೆಮಾಡಿ ಉಣ್ಣಲಾರ, ಆದ್ದರಿಂದ ಅವನನ್ನು ವಂಚಿಸುವುದು ಬಹು ಸುಲಭ. ಅನ್ನವನ್ನು ಮಾರಿಯೂ ಆ ಸೌಲಭ್ಯವನ್ನು ಉಪಯೋಗಿಸಿಕೊಳ್ಳದವನು ಛತ್ರವನ್ನು ಕಟ್ಟಿಸಿದವನ ಪಕ್ಕದಲ್ಲಿ ಕುಳಿತುಕೊಳ್ಳಲು ಅರ್ಹನೆಂದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಹೊಗಳಿದಮೇಲೆ ಒಂದು ಆಕ್ಷೇಪಣೆಗೂ ಕಿವಿಗೊಡಬೇಕು. ಹಳೆಯದನ್ನು ಹಳೆಯದೆಂಬ ಕಾರಣದಿಂದಲೇ ಮೆಚ್ಚುವುದು ಮುಪ್ಪಿನ ಚಿಹ್ನೆಯಲ್ಲವೆ? ಪುಡಿಗಳ ಉದ್ಯಮವನ್ನು ೨೦೦೭ರಲ್ಲಿ ನಾರ್ವೆ ದೇಶದ ಕಂಪನಿಯೊಂದು ಕೊಂಡುಕೊಂಡಿತು. ಹೋಟಲುಗಳು ಮಾತ್ರ ಮನೆತನದವರಲ್ಲಿಯೇ ಉಳಿದವು. ಅವುಗಳ ಶಾಖೆಗಳು ಊರಿನ ಬೇರೆ ಬೇರೆ ಭಾಗಗಳಲ್ಲಿಯೂ ಸಿಂಗಪುರದಂಥ ದೂರದ ನಗರದಲ್ಲಿಯೂ ತೆರೆದಿವೆ. ಸಿಂಗಪುರದಲ್ಲಿ ಮಾವಳ್ಳಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಗುವುದಲ್ಲದೆ ಬೇರೆ ಉತ್ತರವಿಲ್ಲ. ಹೋಟಲಿನ ಊಟದ ಬೆಲೆಯೂ ಎಲ್ಲರ ಕೈಗೆ ಎಟಕುವಂಥದಲ್ಲ. ಜಾತಿ ಅಡ್ಡಗಟ್ಟುತ್ತಿದ್ದ ಬಾಗಿಲಿನಲ್ಲಿ ಈಗ ಹಣ ನಿಂತಿದೆಯೆಂದು ಯಾರಾದರೂ ಹೇಳಿದರೆ ಅದನ್ನು ಪೂರ್ತಿಯಾಗಿ ಅಲ್ಲಗಳೆಯಲಾರೆ.

ಆದರೂ ಎರಡಕ್ಕೂ ಭೇದವಿದೆ. ಹಣವಿಲ್ಲದವನು ಇಂದು ಅಲ್ಲದಿದ್ದರೆ ತಿಂಗಳ ಮೊದಲ ದಿನ ಬಂದು ಒಂದು ಕಾಫಿಯನ್ನು ತರಿಸಿ ಸಂಗಡಿಗನೊಡನೆ ಎರಡು ಪಾಲು ಮಾಡಿ ಕುಡಿಯಬಹುದು. ಬೆಂಗಳೂರಿನ ಜನ ಅದಕ್ಕೆ ‘ಬೈ ಟು’ ಎಂಬ ಹೆಸರನ್ನೇ ಕೊಟ್ಟು ಬಡತನದ ನಾಚಿಕೆಯನ್ನು ಸ್ನೇಹದ ಸಲಿಗೆಯನ್ನಾಗಿ ಮಾಡಿಕೊಂಡಿದ್ದಾರೆ. ಹುಟ್ಟಿನಿಂದ ಹೊರಗುಳಿದವನಿಗಾದರೋ ಯಾವ ತಿಂಗಳ ಯಾವ ದಿನವೂ ಬಾಗಿಲು ತೆರೆಯುತ್ತಿರಲಿಲ್ಲ. ಹಳೆಯ ಹೋಟಲನ್ನು ಹೊಗಳುವಾಗ ನಾನು ಹೊಗಳುವುದು ಅದರ ಗೋಡೆಗಳ ಪ್ರಾಚೀನತೆಯನ್ನಲ್ಲ. ಬಿಡಬೇಕಾದುದನ್ನು ಬಿಟ್ಟು, ಹಿಡಿಯಬೇಕಾದುದನ್ನು ಹಿಡಿದು, ನೂರು ವರ್ಷಗಳ ಕಾಲ ಬಾಳಿದ್ದನ್ನು. ೧೯೨೪ರಲ್ಲಿ ಹಚ್ಚಿದ ಒಲೆಗೆ ೨೦೨೪ರಲ್ಲಿ ನೂರು ತುಂಬಿತು. ಹೆಸರು ಹೋಯಿತು, ಕಟ್ಟಡ ಹೋಯಿತು, ಕೈಗಳು ಬದಲಾದವು, ಹದ ಉಳಿಯಿತು.

ನಿಮ್ಮ ನಿಮ್ಮ ಊರುಗಳಲ್ಲಿಯೂ ಇಂಥ ಮನೆಗಳು ಇದ್ದೇ ಇರುತ್ತವೆ. ಅದು ಬಸ್ಸಿನ ನಿಲ್ದಾಣದ ಪಕ್ಕದ ಮುದ್ದೆಯ ಹೋಟಲಾಗಿರಬಹುದು, ಧಾರವಾಡದ ಕಡೆಯ ರೊಟ್ಟಿಯ ಖಾನಾವಳಿಯಾಗಿರಬಹುದು, ದಂಡಿನ ಹೆಸರನ್ನು ಹೊತ್ತು ಮಾಂಸದಡುಗೆಗೆ ಖ್ಯಾತವಾದ ಮಿಲಿಟರಿ ಹೋಟಲಾಗಿರಬಹುದು. ಅವುಗಳಿಗೆ ಬೆಳ್ಳಿಯ ಲೋಟವಿಲ್ಲ, ಯೂರೋಪಿನ ಕಥೆಯಿಲ್ಲ. ಆದರೆ ಅಲ್ಲಿಯೂ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ನಿಮ್ಮ ಮುಖದ ಪರಿಚಯವಿರುತ್ತದೆ, ನೀವು ನಾಲ್ಕು ದಿನ ಬಾರದಿದ್ದರೆ ಐದನೆಯ ದಿನ, “ಊರಿನಲ್ಲಿರಲಿಲ್ಲವೇ?” ಎಂದು ಕೇಳುತ್ತಾರೆ. ಪಟ್ಟಣದಲ್ಲಿ ಒಬ್ಬಂಟಿಯಾಗಿರುವವನಿಗೆ ಆ ಒಂದು ಪ್ರಶ್ನೆ ಎಷ್ಟು ದೊಡ್ಡದೆಂಬುದನ್ನು ಅನುಭವಿಸಿದವರೇ ಬಲ್ಲರು.

ನನ್ನ ಮಿತ್ರರಿಗೆ ಕೊಡಬೇಕಾದ ಉತ್ತರ ಈಗ ಸಿಕ್ಕಿದೆಯೆಂದು ತೋರುತ್ತದೆ. ಒಂದು ಇಡ್ಲಿಗೂ ಇನ್ನೊಂದು ಇಡ್ಲಿಗೂ ನಾಲಗೆಯ ಮೇಲೆ ಅಂಥ ದೊಡ್ಡ ಅಂತರವಿರಲಾರದು. ಅವರ ತರ್ಕ ಸರಿಯೇ. ಆದರೆ ಆ ಮುಕ್ಕಾಲು ಗಂಟೆ ನಾವು ಕಾದದ್ದು ಇಡ್ಲಿಗಾಗಿ ಮಾತ್ರವಲ್ಲ. ಕೊಟ್ಟ ಮಾತನ್ನು ನಷ್ಟದಲ್ಲಿಯೂ ನಡೆಸಿದ ಒಂದು ಮನೆಯಲ್ಲಿ, ನಮ್ಮನ್ನು ಯಾರೆಂದು ಕೇಳದ ಒಂದು ಮೇಜಿನಲ್ಲಿ, ಎದುರಿಗಿರುವ ಮಗುವಿನಿಂದ ತುಪ್ಪ ಸುರಿದುಕೊಳ್ಳುವುದನ್ನು ಕಲಿಯುವುದಕ್ಕಾಗಿ ಕಾದೆವು. ಅಂದು ಹೊರಕ್ಕೆ ಬಂದಾಗ ನನ್ನ ಮಿತ್ರರು ಏನೂ ಹೇಳಲಿಲ್ಲ. ರಸ್ತೆಯನ್ನು ದಾಟಿದಮೇಲೆ ಒಮ್ಮೆ ಹಿಂದಿರುಗಿ ನೋಡಿ, “ನಾಳೆ ಎಷ್ಟು ಹೊತ್ತಿಗೆ ತೆರೆಯುತ್ತಾರೆ?” ಎಂದು ಕೇಳಿದರು. ಮರುದಿನ ಸೋಮವಾರ, ಆ ಮನೆಗೆ ಅಂದು ವಾರದ ರಜ. ಅದನ್ನು ಹೇಳಿದಾಗ ಅವರ ಮುಖದಲ್ಲಿ ಕಂಡ ನಿರಾಶೆಗಿಂತ ಹೆಚ್ಚಿನ ಪ್ರಶಂಸೆಯನ್ನು ಯಾವ ಹೋಟಲಿನವರೂ ಬಯಸಲಾರರು.